ಭೂತಗನ್ನಡಿ ಕಟ್ಟಿದ ಕ್ಯಾಮೆರಾ

ಬೈತಖೋಲ ಬಂದರಿನಲ್ಲಿ, ಬೋಟನ್ನು ಮುಂದೆ ತಳ್ಳುವ ತಳದ ಪಂಖಕ್ಕೆ ಸುತ್ತಿಕೊಂಡ ಬಲೆಯನ್ನು ನೀರಿನಲ್ಲಿ ಮುಳುಗಿ ಬಿಡಿಸುವುದು ನನ್ನ ಕೆಲಸ. ಶಾಲೆ ಬಿಟ್ಟಂದಿನಿಂದಲೂ ಇದೇ. ಒಮ್ಮೆ ಬಲೆ ಬಿಡಿಸಿ ಮೇಲೆ ಬಂದವನು, ಪಂಖದ ಬುಡ ಬಿರುಕು ಬಿಟ್ಟಿದೆ, ಬೋಟು ಕಳಿಸಬೇಡಿ ಎಂದು ಬೋಟಿನ ಯಜಮಾನರಿಗೆ ಹೇಳಿದೆ.

"ಆ ರಾಡಿ ನೀರಲ್ಲಿ ನಿಂಗೆ ಬಿರುಕು ಕಂಡ್ತಾ ಮಾರಾಯ?"

"ಕಾಣೂದಲ್ಲ, ಕೈಗೆ ಸಿಗ್ತದೆ."

"ನಿನ್ನ ಕೈ ನಂಬ್ಕಂಡು ಬೋಟ ಮೇಲೆ ಎತ್ಲಾ? ತೋರ್ಸು, ನೋಡ್ವಾ."

ನನ್ನ ಹತ್ತಿರ, ನೀರು ಹೊಗದ ಡಬ್ಬಿಯಲ್ಲಿ ಕೂರುವ ಪುಟ್ಟ ಸೆಕೆಂಡ್ ಹ್ಯಾಂಡ್ ಆಕ್ಷನ್ ಕ್ಯಾಮೆರಾ ಒಂದಿತ್ತು. ರಾಡಿಯಲ್ಲಿ ಅದನ್ನು ಹತ್ತಿರ ಹಿಡಿಯಲೇಬೇಕು, ಹಿಡಿದರೆ ಚಿತ್ರ ಮಸುಕು. ಅಂಕೋಲೆ ಪೇಟೆಯಿಂದ ಮಕ್ಕಳ ಭೂತಗನ್ನಡಿ ತಂದು, ಕ್ಯಾಮೆರಾದ ಡಬ್ಬಿಯ ಮುಂದೆ ಸೈಕಲ್ ಟ್ಯೂಬಿನಿಂದ ಬಿಗಿದೆ. ದಡದಲ್ಲಿ ಚೆನ್ನಾಗಿ ಕಂಡಿತು. ನೀರಿಗಿಳಿದರೆ ಮತ್ತೆ ಮಸುಕು. ಭೂತಗನ್ನಡಿಗೂ ಡಬ್ಬಿಯ ಗಾಜಿಗೂ ನಡುವೆ ನೀರು ಹೊಕ್ಕು, ಭೂತಗನ್ನಡಿಯ ಬಲ ಕುಗ್ಗಿಸಿತ್ತು. ನಡುವೆ ಗಾಳಿಯೇ ಉಳಿಯುವಂತೆ, ದೋಣಿಯ ಸಂದಿಗೆ ತುಂಬುವ ಅಂಟನ್ನು ಸುತ್ತಲೂ ಮೆತ್ತಿ ಒಣಗಿಸಿ ಮತ್ತೆ ಮುಳುಗಿದೆ. ಈ ಸಲ ಬಿರುಕು ಸ್ಪಷ್ಟವಾಗಿ ಬಂತು.

ಯಜಮಾನರು ಮೊಬೈಲಿನಲ್ಲಿ ನೋಡಿ, "ಖರೆ ಮಾರಾಯ" ಎಂದು ರಿಪೇರಿಗೆ ಬೋಟು ದಡದ ಮೇಲೆತ್ತಿಸಿದರು. ನನಗೆ ಖುಷಿಯೇನೂ ಆಗಲಿಲ್ಲ. ಈಗ ಎಲ್ಲ ಯಜಮಾನರೂ ಚಿತ್ರ ತೋರಿಸು ಎನ್ನುತ್ತಾರೆ; ಪ್ರತಿ ಬೋಟಿಗೂ ಎರಡು ಸಲ ಮುಳುಗಬೇಕು, ಕೆಲಸಕ್ಕೊಮ್ಮೆ, ಸಾಕ್ಷಿಗೊಮ್ಮೆ. ಎರಡನೆಯ ಸಲ ನೀರಿಗಿಳಿಯಲು ಮೈ ಒಪ್ಪುವುದೇ ಇಲ್ಲ.