ಬ್ರೇಕಿನ ಗುಂಡಿ

ಹಳೆಯ ಟಿವಿ ಗೇಮಿನ ಮಾದರಿಯ ಕಂಟ್ರೋಲರ್ ಒಂದನ್ನು ತರಿಸಿದ್ದೆ. ಪೊಟ್ಟಣ ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅದರ ಹಿಂದೆಯೇ ತಮಿಳುನಾಡಿನ ಶಂಕಗಿರಿಯ ಅತ್ತೆಯ ಮನೆ... ಟಿವಿ ಮುಂದೆ ಕಾಲು ಚಾಚಿ ಕೂತ ಅತ್ತೆ.

ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಯಾವ ಗುಂಡಿ ಯಾವುದಕ್ಕೆ ಎಂದು ಅದು ಒಂದೊಂದಾಗಿ ಕೇಳಿತು. ಎಡ, ಬಲ ಆಯಿತು. ‘ಎ’ ಕಾರಿನ ವೇಗಕ್ಕೆ. ‘ಬಿ’ ಹತ್ತಿರ ಬೆರಳು ನಿಂತಿತು. ಅದು ಬ್ರೇಕ್ ಇರಬೇಕು. ಆದರೆ ನಾನದನ್ನು ಒತ್ತಿದ ನೆನಪೇ ಇಲ್ಲ. ಒತ್ತುತ್ತಿದ್ದವರು ಅತ್ತೆ.

ಮಾವ ಲಾರಿ ಓಡಿಸುತ್ತಿದ್ದರು. ಬೆಂಗಳೂರಿಂದ ಲೋಡು ತರುವ ದಿನ ಲಾರಿಗಳು ಉರುಳುವುದಕ್ಕೇ ಹೆಸರಾದ ತೊಪ್ಪೂರು ಘಾಟಿಯ ಇಳಿಜಾರು ದಾಟಿದ ಮೇಲೆ ಟೀ ಅಂಗಡಿಯಿಂದ ಫೋನ್ ಮಾಡುತ್ತಿದ್ದರು. ಅಲ್ಲಿಯ ತನಕ ಅತ್ತೆಗೆ ಯಾವ ಕೆಲಸವೂ ಸಾಗುತ್ತಿರಲಿಲ್ಲ. ರಜೆಗೆ ಹೋಗಿದ್ದ ನಾನು ಒಮ್ಮೆ ಕಾರಿನ ಆಟವನ್ನು ಅವರ ಕೈಗೆ ಕೊಟ್ಟೆ. ಆಮೇಲೆ ಕಾಯುವ ಹೊತ್ತೆಲ್ಲ ಅದರಲ್ಲೇ. ಆದರೆ ಮಾವ ದಾರಿಯಲ್ಲಿರುವಾಗ ಪರದೆಯ ಕಾರು ಗುದ್ದಬಾರದು, ಗುದ್ದಿದರೆ ಅಪಶಕುನ. ಹಾಗಾಗಿ ಪ್ರತಿ ಇಳಿಜಾರಿಗೂ ಬ್ರೇಕ್.

“ಅತ್ತೆ, ಟೈಮ್ ಮುಗೀತೈತೆ! ಚಕ್ರದಡಿ ನಿಂಬೆಹಣ್ಣು ಬೇರೆ ಇಡ್ಲಾ?”

“ಇಡು, ಟಿವಿ ಮುಂದೆ ಇಡು. ಇಳಿಜಾರಲ್ಲಿ ಅವಸರ ಮಾಡೋನು ಡ್ರೈವರ್ರೇನ್ಲಾ?”

ಉಳಿದ ಕಾರುಗಳೆಲ್ಲ ಮುಂದೆ ಹೋಗಿ ಆಟ ಮುಗಿಯುತ್ತಿತ್ತು. ಸೋತೆಯಲ್ಲ ಎಂದು ನಾನು ನಕ್ಕರೆ, “ಓದ್ರೆ ಓಗ್ಲಿ. ಗಾಡಿ ನೆಟ್ಟಗೈತಲ್ಲ? ಪೋದುಂ, ಅಷ್ಟು ಸಾಕು,” ಎನ್ನುತ್ತಿದ್ದರು. ಫೋನ್ ಹೊಡೆದುಕೊಂಡರೆ ಕಂಟ್ರೋಲರ್ ನೆಲಕ್ಕೆ, ಅತ್ತೆ ಫೋನಿಗೆ.

ಇಷ್ಟೆಲ್ಲ ಹೀಗೇ ನಡೆಯಿತೆ? ಆ ಆಟಕ್ಕೆ ಬ್ರೇಕ್ ಇತ್ತೆ, ಅಥವಾ ಅತ್ತೆ ವೇಗದ ಗುಂಡಿಯನ್ನು ಬಿಟ್ಟು ಸುಮ್ಮನೆ ಕೂರುತ್ತಿದ್ದರೋ... ಪಕ್ಕದಲ್ಲೇ ಇದ್ದರೂ ನಾನು ನೋಡುತ್ತಿದ್ದದ್ದು ಪರದೆಯನ್ನು, ಅವರ ಬೆರಳನ್ನಲ್ಲ. ‘ಅಪಶಕುನ’ ಎಂಬ ಮಾತು ಅವರದೋ, ನಾನು ಆಮೇಲೆ ಸೇರಿಸಿಕೊಂಡದ್ದೋ, ಅದೂ ಗೊತ್ತಿಲ್ಲ. ಕೇಳೋಣವೆಂದರೆ ಅತ್ತೆ ತೀರಿಕೊಂಡರು. ಅವರಿಗಿಂತ ಮೊದಲೇ ಮಾವ, ಮನೆಯಲ್ಲೇ, ನಿದ್ದೆಯಲ್ಲಿ.

‘ಬಿ’ಯನ್ನು ಖಾಲಿ ಬಿಡದೆ ಹೊಂದಿಸಿ, ಅದೇ ಆಟವನ್ನು ಹುಡುಕಿ ಹಾಕಿದೆ. ಮೊದಲ ಇಳಿಜಾರಿನಲ್ಲಿ ಒತ್ತಿದೆ. ಕಾರು ತಟ್ಟನೆ ನಿಧಾನವಾಯಿತು.

ಬ್ರೇಕ್ ಇತ್ತು.

ಉಳಿದ ಕಾರುಗಳು ಹಾದು ಹೋದವು. ಸಮಯ ಮುಗಿಯಿತು. ನನ್ನ ಕಾರು ರಸ್ತೆಯ ಮೇಲೆ ನೆಟ್ಟಗೆ ನಿಂತಿತ್ತು. ಕಂಟ್ರೋಲರ್ ಕೆಳಗಿಡದೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ, ತೊಪ್ಪೂರಿನಿಂದ ಇನ್ನು ಯಾರೂ ಫೋನ್ ಮಾಡುವುದಿಲ್ಲ ಎಂದು ಗೊತ್ತಿದ್ದೂ.