ಸಾಯವ್ವನ ಹನ್ನೊಂದು ಹಲ್ಲು

ಪೋಚಯ್ಯ ಮೇಷ್ಟ್ರಿಗೆ ಅವರ ಹೆಸರೇ ಮೊದಲ ಎದುರಾಳಿ. ಅವರಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಉಳಿದರೆ ನಿನ್ನ ಹೆಸರನ್ನೇ ಇಡುತ್ತೇನೆಂದು ತಾಯಿ ಊರದೇವಿ ಪೋಚಮ್ಮನಿಗೆ ಹರಕೆ ಹೊತ್ತಳು. ಮೂರನೆಯದು ಉಳಿಯಿತು. ಉಳಿದದ್ದು ದೇವಿಯ ದಯೆಯಾದರೆ ಹೋದ ಎರಡು ಯಾರ ತಲೆಗೆ ಎಂದು ಹತ್ತನೇ ವಯಸ್ಸಿನಲ್ಲಿ ಕೇಳಿ ತಾಯಿಯ ಕೈಯಿಂದ ಪೊರಕೆ ಏಟು ತಿಂದರು. ಉತ್ತರ ಸಿಗಲಿಲ್ಲ. ಮುಂದೆ ಅವರು ಸೇರಿದ ವಿಚಾರವಾದಿ ಸಂಘದವರು ಈ ಹೆಸರು ನಮಗೆ ಮುಜುಗರ, ಬದಲಾಯಿಸಿಕೊಳ್ಳಿ ಎಂದು ಎಷ್ಟೋ ಸಲ ದುಂಬಾಲು ಬಿದ್ದರು. ಹೆಸರಿನಲ್ಲಿ ಶಕ್ತಿ ಇದೆ ಅನ್ನುವವರು ಬದಲಾಯಿಸಿಕೊಳ್ಳಲಿ, ನನಗೇನು ಎಂದು ಇವರು ಸುಮ್ಮನಿದ್ದರು.

ಮೆದಕ್ ಕಡೆಯ ಈದುಲಕುಂಟದ ಹೈಸ್ಕೂಲಿನಲ್ಲಿ ಅವರು ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದರು. ಇರುವುದು ಇದೊಂದೇ ಜಗತ್ತು, ಇದರ ಹಿಂದೆ ಪರದೆ ಇಲ್ಲ, ಪರದೆ ಹಿಂದೆ ಯಾರೂ ಕೂತಿಲ್ಲ ಎಂಬುದು ಅವರ ಮೊದಲ ಪಾಠ. ಊರವರು ಈ ಪಾಠಕ್ಕೆ ಅಡ್ಡಿ ಮಾಡಲಿಲ್ಲ, ಪರೀಕ್ಷೆಗೆ ಬರುವುದಿಲ್ಲವಲ್ಲ. ಪ್ರಸಾದ ಅಂತ ಯಾರು ಏನು ಕೊಟ್ಟರೂ ಮೇಷ್ಟ್ರು ಮುಟ್ಟುತ್ತಿರಲಿಲ್ಲ. ತರಗತಿಯಲ್ಲಿ ಅವರದು ಒಂದೇ ಕಾನೂನು. ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು, ಅದನ್ನೂ ನಿಂತು ಕೊಡಬೇಕು. ನಡೆಯುತ್ತಾ ಕೊಟ್ಟ ಉತ್ತರ ಉತ್ತರವಲ್ಲ, ಅದು ತಪ್ಪಿಸಿಕೊಳ್ಳುವುದು ಅನ್ನುತ್ತಿದ್ದರು. ಈ ಕಾನೂನೇ ಒಂದು ದಿನ ಅವರ ಕಾಲಿಗೆ ಬಂತು.

ಆ ವರ್ಷ ಪಟೇಲ ಅನಂತರೆಡ್ಡಿಯ ಎಮ್ಮೆ ಹಾಲಿನ ಬದಲು ರಕ್ತ ಕರೆಯಿತು. ವಾರದಲ್ಲಿ ಇನ್ನೊಂದು ಎಮ್ಮೆಯದೂ ಅದೇ ಗತಿ. ಮೊದಲ ಎಮ್ಮೆ ರಕ್ತ ಕರೆದ ಹಿಂದಿನ ದಿನ ಕೊಟ್ಟಿಗೆ ಬಾಗಿಲಲ್ಲಿ ಮಜ್ಜಿಗೆಗೆ ಬಂದು ನಿಂತವಳು ಸೂಲಗಿತ್ತಿ ಸಾಯವ್ವ. ಗಂಡ ಇಲ್ಲ, ಮಕ್ಕಳಿಲ್ಲ, ಪರವಾಗಿ ಮಾತಾಡುವವರಿಲ್ಲ. ಮಾಟ ಮಾಡಿದವಳು ಸಿಕ್ಕಿದಳು ಎಂದು ಊರಿಗೆ ನಿರಾಳವಾಯಿತು. ಇಂಥವರಿಗೆ ನಮ್ಮ ಕಡೆ ಒಂದು ಪದ್ಧತಿ ಇದೆ, ಹಲ್ಲು ಕೀಳುವುದು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ಸರಿಯಾಗಿ ಹೊರಡುವುದಿಲ್ಲವಂತೆ. ಥೂ, ಎಂಥ ಜನ! ಅರವತ್ತರ ಸಾಯವ್ವನ ಬಾಯಲ್ಲಿ ಆಗ ಉಳಿದದ್ದು ಹನ್ನೊಂದು ಹಲ್ಲು. ಕಮ್ಮಾರನಿಗೆ ಇಕ್ಕಳ ತರಲು ಹೇಳಿಕಳಿಸಿದರು.

ಮೇಷ್ಟ್ರು ಪಂಚಾಯ್ತಿಗೆ ಹೋಗಿ ಅದು ಕೆಚ್ಚಲು ಬಾವು, ದನದ ಡಾಕ್ಟರು ಒಂದು ಸೂಜಿ ಹಾಕಿದರೆ ಆಯಿತು ಎಂದು ಅರ್ಧ ಗಂಟೆ ವಿವರಿಸಿದರು. ಪಟೇಲ ಕೆಟ್ಟವನಲ್ಲ, ಕೇಳಿಸಿಕೊಂಡ. ಎಮ್ಮೆಗೆ ಡಾಕ್ಟರು ಸರಿ, ಮಾಟಕ್ಕೆ ಯಾವ ಡಾಕ್ಟರು ಎಂದ. ಮಂತ್ರಕ್ಕೆ ಶಕ್ತಿಯೇ ಇಲ್ಲ ಎಂದು ಇವರು. ಹಾಗಾದರೆ ಮೊಹರಮ್ಮಿಗೆ ನಾವೆಲ್ಲ ಪೀರು ದೇವರುಗಳ ಮುಂದಿನ ಕೆಂಡದ ಗುಂಡಿ ದಾಟುತ್ತೇವಲ್ಲ, ಅದು ಯಾವ ಶಕ್ತಿ ಎಂದು ಅವನು. ಪೀರುಗಳಿಲ್ಲದೆ, ಅರಿಶಿನವಿಲ್ಲದೆ, ಉಪವಾಸವಿಲ್ಲದೆ ಅದೇ ಕೆಂಡ ದಾಟಿ ತೋರಿಸುತ್ತೇನೆ ಎಂದು ಮೇಷ್ಟ್ರ ಬಾಯಿಂದ ಬಂದುಹೋಯಿತು. ಬೇರೆ ಊರುಗಳಲ್ಲಿ ಒಂಬತ್ತು ಸಲ ದಾಟಿದ್ದವರು ಅವರು. ಪಂದ್ಯ ಗಟ್ಟಿಯಾಯಿತು. ಕಾಲು ಸುಡದಿದ್ದರೆ ಶಕ್ತಿ ಗಿಕ್ತಿ ಸುಳ್ಳು, ಸಾಯವ್ವನ ಹಲ್ಲು ಸಾಯವ್ವನಿಗೆ. ಸುಟ್ಟರೆ ಅಲ್ಲೇ ಇಕ್ಕಳ.

ಮಾರನೆಯ ದಿನ ಸಾಯವ್ವ ಅವರ ಮನೆಗೆ ಬಂದು ಜಗುಲಿಯ ಕೆಳಗೆ ಕೂತಳು.

"ನಿಮ್ಮ ಮ್ಯಾಲ ನಂಬಿಕಿ ಐತಿ ಸಾರ್. ಬೆಂಕಿ ಮ್ಯಾಲ ಇಲ್ಲ."

"ನನ್ನ ಮ್ಯಾಲ ಇಡಬ್ಯಾಡ, ಬೆಂಕಿ ಮ್ಯಾಲ ಇಡು," ಎಂದರು ಮೇಷ್ಟ್ರು. "ಅದು ಸುಳ್ಳು ಹೇಳೂದಿಲ್ಲ. ಕೆಂಡದ ಕಾವು ಕಾಲಿಗಿ ಹತ್ತಾಕ ಹೊತ್ತು ಬೇಕು. ನಡದ್ರ ಸುಡೂದಿಲ್ಲ, ನಿಂತ್ರ ಸುಡತದ. ಇಷ್ಟ ನೋಡು."

ಅವಳು ತಲೆಯಾಡಿಸಿ ಹೋದಳು. ತಿಳಿಯಿತೋ ಇಲ್ಲವೋ ಎಂದು ಮೇಷ್ಟ್ರಿಗೆ ಅನುಮಾನ.

ಭಾನುವಾರ ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಹುಣಸೆ ಕೊರಡಿನ ಕೆಂಡ ಹದವಾಗಿತ್ತು. ಗುಂಡಿ ಉದ್ದಕ್ಕೆ ಆರು ಹೆಜ್ಜೆ. ಊರಿಗೆ ಊರೇ ನೆರೆದಿತ್ತು. ಒಂದು ಕಡೆ ಸಾಯವ್ವ, ಅವಳ ಪಕ್ಕದಲ್ಲಿ ಕಮ್ಮಾರ. ಮೇಷ್ಟ್ರು ಪ್ಯಾಂಟು ಮಡಚಿ, ಚಪ್ಪಲಿ ಜೋಡಿಸಿಟ್ಟು, ಕೆಂಡಕ್ಕೆ ಇಳಿದರು. ಒಂದು, ಎರಡು, ಮೂರು ಹೆಜ್ಜೆ. ಏನೂ ಆಗಲಿಲ್ಲ. ಪಟೇಲ ದಂಗಾಗಿ, ಯಾವ ಕಪಟವೂ ಇಲ್ಲದೆ, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಬಿಟ್ಟ.

"ಸಾರ್, ಕಾಲು ಯಾಕ ಸುಡವಲ್ದು?"

ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ದೊಡ್ಡವರೊಬ್ಬರು ಅವರಿಗೆ ಕೇಳಿದ ಮೊದಲ ವಿಜ್ಞಾನದ ಪ್ರಶ್ನೆ ಅದು. ಪೋಚಯ್ಯ ಮೇಷ್ಟ್ರು ನಿಂತರು. ಪಟೇಲನ ಕಡೆ ತಿರುಗಿದರು.

"ಭಾಳ ಚಲೋ ಪ್ರಶ್ನಿ," ಎಂದರು. "ಕೆಂಡದ ಕಾವು ಕಾಲಿಗಿ ಹತ್ತಬೇಕಂದ್ರ ಸ್ವಲ್ಪ ಹೊತ್ತು..."

ಆ ಸ್ವಲ್ಪ ಹೊತ್ತು ಅಷ್ಟರಲ್ಲಿ ಆಗಿತ್ತು.

ಅವರನ್ನು ಎತ್ತಿ ಹೊರಸಿನ ಮೇಲೆ ಹಾಕಿದರು. ಎರಡೂ ಅಂಗಾಲು ಬಿಳಿಚಿ ಬೊಬ್ಬೆ ಎದ್ದಿದ್ದವು. ನಿಂತದ್ದಕ್ಕೆ ಸುಟ್ಟಿತು, ತಪ್ಪು ನನ್ನದು, ಬೆಂಕಿಯದಲ್ಲ ಎಂದು ಅವರು ಕೂಗುತ್ತಲೇ ಇದ್ದರು. ಸುಟ್ಟವನು ಹೇಳುವುದನ್ನು ಯಾರು ಕೇಳುತ್ತಾರೆ? ಪೀರುಗಳಿಲ್ಲದೆ ಹೋದ, ಸುಟ್ಟುಕೊಂಡ, ಶಕ್ತಿ ಇದೆ ಎಂದಾಯಿತಲ್ಲ ಎಂದು ಜನ. ಕಮ್ಮಾರ ಇಕ್ಕಳವನ್ನು ಪಂಚೆಗೆ ಒರೆಸಿಕೊಂಡ. ಮೇಷ್ಟ್ರಿಗೆ ಕಾಲಿನ ಉರಿ ಮರೆತೇಹೋಯಿತು. ನನ್ನ ಹಾಳು ಬಾಯಿಯಿಂದ ಆ ಮುದುಕಿಯ ಬಾಯಿ ಹೋಯಿತಲ್ಲ ಎಂದು ಹೊರಸಿನ ಮೇಲೆ ಮಗುವಿನ ಹಾಗೆ ಅತ್ತರು.

ಆಗ ಸಾಯವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರನ್ನೂ ಕೇಳದೆ ಗುಂಡಿಗೆ ಇಳಿದು, ನೀರು ತರಲು ಹೊರಟವಳ ಹಾಗೆ ಆರು ಹೆಜ್ಜೆ ನಡೆದು ಆ ಕಡೆ ಹತ್ತಿದಳು. ಎರಡೂ ಅಂಗಾಲು ಎತ್ತಿ ತೋರಿಸಿದಳು. ಬೂದಿ ಬಿಟ್ಟರೆ ಏನೂ ಇರಲಿಲ್ಲ.

ನಿರಾಳದ ಉಸಿರು ಬಿಟ್ಟದ್ದು ಮೇಷ್ಟ್ರು ಒಬ್ಬರೇ. ಪಟೇಲ ಎದ್ದು ನಿಂತು, ಇನ್ನೇನು ಸಾಕ್ಷಿ ಬೇಕು, ಪೀರುಗಳಿಲ್ಲದ ಕೆಂಡವನ್ನು ಮಾಟಗಾತಿಯಲ್ಲದೆ ಇನ್ಯಾರು ದಾಟಿಯಾರು ಎಂದ. ಜನ ಹೌದು ಹೌದು ಎಂದರು. ಸುಟ್ಟರೂ ಇಕ್ಕಳ, ಸುಡದಿದ್ದರೂ ಇಕ್ಕಳ. ಈ ತರ್ಕದ ಮುಂದೆ ಸಂಘದ ಪುಸ್ತಕಗಳನ್ನೆಲ್ಲ ಒಲೆಗೆ ಹಾಕಬೇಕು ಎಂದು ಮೇಷ್ಟ್ರಿಗೆ ಅನಿಸಿತು.

ಗುಂಪಿನಿಂದ ಪಟೇಲನ ತಾಯಿ ಬುಚ್ಚವ್ವ ಹೊರಬಂದಳು. ಎಂಬತ್ತು ದಾಟಿದ ಮುದುಕಿ. ಊರುಗೋಲನ್ನು ಮಗನ ಕೈಗೆ ಕೊಟ್ಟಳು. ಅವನು ಇದು ಯಾಕೆ ಅನ್ನುವುದರೊಳಗೆ ಕೆಂಡಕ್ಕೆ ಇಳಿದಾಗಿತ್ತು. ನಲವತ್ತು ಮೊಹರಮ್ಮು ದಾಟಿದ ಕಾಲು, ಎಂಟು ಪುಟ್ಟ ಹೆಜ್ಜೆಯಲ್ಲಿ ಸರಸರ ಆಚೆ ಹೋಯಿತು.

"ಇಲ್ಲಿ ಪೀರ್ಲು ಅದಾವೇನಪ್ಪಾ?" ಎಂದಳು.

"ಇಲ್ಲವ್ವಾ."

"ನಾ ದಾಟೀನಿ. ಹಂಗಾದ್ರ ನಂಗೂ ಮಾಟ ಬರ್ತದಂತಾತು. ನನ್ನ ಬಾಯಾಗ ಇರೂವು ಎರಡ ಹಲ್ಲು. ಮೊದಲು ಅವು ಕೀಳಸು. ಆಮ್ಯಾಲ ನಿನ್ನ ಮಕ್ಕಳ ಹೊಕ್ಕಳಬಳ್ಳಿ ಕೊಯ್ದಾಕಿ ಕಡಿ ಹೋಗು."

ಕಮ್ಮಾರ ಪಟೇಲನ ಮುಖ ನೋಡಿದ. ಪಟೇಲ ಊರುಗೋಲು ನೋಡಿದ. ದನದ ಡಾಕ್ಟರಿಗೆ ಆಳು ಕಳಿಸಿ ಎಂದು ಮೆಲ್ಲಗೆ ಹೇಳಿದ.

ಮೇಷ್ಟ್ರು ತಾಲೂಕು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದರು. ಸೂಜಿ ಬಿದ್ದ ಎಮ್ಮೆಗಳು ಬಿಳಿ ಹಾಲನ್ನೇ ಕರೆದವು. ಸಾಯವ್ವನನ್ನು ಪೋಚಮ್ಮ ಕಾಪಾಡಿದಳು, ಬುಚ್ಚವ್ವನನ್ನು ಪೀರುಗಳು ಕಾಪಾಡಿದವು, ಮೇಷ್ಟ್ರಿಗೆ ಸೊಕ್ಕಿಗೆ ತಕ್ಕ ಶಾಸ್ತಿಯಾಯಿತು ಎಂದು ಊರು ತೀರ್ಮಾನಿಸಿತು. ಸಂಘದ ಕಾರ್ಯದರ್ಶಿ ಬಂದು, ವರದಿಯಲ್ಲಿ ನಿಮ್ಮ ಕಾಲಿನ ವಿಷಯ ಬಿಟ್ಟುಬಿಡೋಣವೇ ಎಂದು ಮೆತ್ತಗೆ ಕೇಳಿದರು. ಮೇಷ್ಟ್ರು ಒಪ್ಪಲಿಲ್ಲ. ಮಲಗಿದಲ್ಲೇ ಬರೆದುಕೊಟ್ಟರು: ಕೆಂಡಕ್ಕೆ ಇಳಿದವರು ಮೂವರು. ನಡೆದವರು ಇಬ್ಬರು, ಸುಡಲಿಲ್ಲ. ನಿಂತವನು ಒಬ್ಬ, ಸುಟ್ಟಿತು. ನಿಯಮದಲ್ಲಿ ಬದಲಾವಣೆ ಅಗತ್ಯವಿಲ್ಲ.

ಮೂರನೇ ವಾರ ಸಾಯವ್ವ ಬಸ್ಸು ಹತ್ತಿ ನೋಡಲು ಬಂದಳು. ಮಂಚದ ಪಕ್ಕ ನೆಲದ ಮೇಲೆ ಕೂತಳು.

"ನಡದ್ರ ಸುಡೂದಿಲ್ಲ ಅಂತ ನೀವ ಹೇಳಿದ್ರಿ. ನಾ ಕೇಳಿದೆ. ನೀವು ಕೇಳಲಿಲ್ಲ ನೋಡ್ರಿ."

ಮೇಷ್ಟ್ರ ಮುಖ ಅರಳಿತು. "ನನ್ನ ಪಾಠ ನಂಬಿ ದಾಟಿದ್ಯಾ?"

"ಹೂಂ ಸಾರ್. ಪೀರ್ಲ ಹೆಸರೂ ತಗೊಂಡೆ. ಒಂದಕ್ಕ ಎರಡು ಆಸರ ಇರ್ಲಿ ಅಂತ."

ಅರಳಿದ ಮುಖ ಅರ್ಧಕ್ಕೆ ನಿಂತಿತು. ಅವಳು ಮಡಿಲಿನಿಂದ ಒಂದು ಡಬ್ಬಿ ತೆಗೆದಳು. ನಿಮ್ಮ ಕಾಲು ವಾಸಿಯಾಗಲಿ ಎಂದು ಪೀರುಗಳಿಗೆ ಹರಕೆ ಹೊತ್ತು ಮಲೀದದ ಉಂಡೆ ಮಾಡಿಸಿದ್ದೆ, ನೀವು ಮುಟ್ಟುವುದಿಲ್ಲ ಅಂತ ಗೊತ್ತು, ಆದರೂ ತಂದಿದ್ದೇನೆ ಎಂದಳು. ತಾನೇ ಒಂದು ಉಂಡೆ ಎತ್ತಿಕೊಂಡು ಕಚ್ಚಿದಳು. ಒಳಗಿದ್ದ ಒಣಕೊಬ್ಬರಿ ಚೂರು ಅವಳ ಹಲ್ಲಿಗೆ ಸಿಕ್ಕಿ ಕಟಕ್ ಎಂದಿತು.

ಮೇಷ್ಟ್ರು ಆ ಸದ್ದು ಕೇಳುತ್ತಾ ಮಲಗಿದ್ದರು.

"ಹಲ್ಲು ಎಲ್ಲಾ ಅದಾವೇನು?"

"ಹನ್ನೊಂದೂ ಅದಾವ ಸಾರ್."

ಅವರು ಕೈ ಚಾಚಿದರು. ಸಾಯವ್ವ ನಂಬದೆ ಒಂದು ಉಂಡೆ ಇಟ್ಟಳು. ಮೇಷ್ಟ್ರು ಅದನ್ನು ಮುರಿದು, ಒಳಗೆ ನೋಡಿ, ಮೂಸಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಕಣ್ಣು ಒದ್ದೆಯಾದವು.

"ಗೋಧಿ, ಬೆಲ್ಲ, ತುಪ್ಪ, ಕೊಬ್ಬರಿ," ಎಂದರು. "ಬ್ಯಾರೆ ಏನೂ ಇಲ್ಲ ಇದರಾಗ."

"ಇಲ್ಲ ಸಾರ್," ಎಂದಳು ಸಾಯವ್ವ.

ಮೇಷ್ಟ್ರು ಮತ್ತೆ ಕೈ ಚಾಚಿದರು.