ಕಣ್ಣೀರು ಹುಡುಕುವ ಶಿವಪ್ರಕಾಶ

ಬಾಗಲಕೋಟೆಯಿಂದ ಬಂದು ಬೆಂಗಳೂರಿನ ಬಾಗಲಗುಂಟೆಯಲ್ಲಿ ತಂಗಿಯೊಂದಿಗೆ ಬಾಡಿಗೆಗಿರುವ ಶಿವಪ್ರಕಾಶ ಭಾನುವಾರದ ತರಗತಿಯಲ್ಲಿ ಪತ್ರಿಕೆಗೆ ನುಡಿಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾನೆ. ಓದುಗನ ಕಣ್ಣು ಒದ್ದೆಯಾಗಬೇಕು ಎಂದು ಮೇಷ್ಟ್ರು ಯಾವತ್ತೋ ಅಂದದ್ದನ್ನು ಮಂತ್ರದಂತೆ ಹಿಡಿದುಕೊಂಡಿದ್ದಾನೆ. ಯಶವಂತಪುರದ ಈರುಳ್ಳಿ ಮಂಡಿಗಳಲ್ಲಿ ಯಾರಾದರೂ ಉಸ್ಸೆಂದು ಕೂತರೆ ಸಾಕು, ಫೋನಿನ ರೆಕಾರ್ಡರ್ ಒತ್ತಿ, ತಲೆ ವಾರೆ ಮಾಡಿ, "ಬದುಕು ಭಾಳ ಭಾರ ಅನಸ್ತದೇನ್ರಿ?" ಎನ್ನುತ್ತಾನೆ. ಈರುಳ್ಳಿ ಆರಿಸುತ್ತಿದ್ದ ಗಂಗರತ್ನಮ್ಮ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬದುಕಲ್ಲ ಕಣಪ್ಪ, ಈರುಳ್ಳಿ ಘಾಟು. ಆ ಕಡೆ ಜರುಗು" ಎಂದಳು. ಅವನ ಲೇಖನದಲ್ಲಿ ಮಾತ್ರ ಆಕೆ ವಿಧಿಯನ್ನು ನೆನೆದು ಬಿಕ್ಕಿದಳು. ಆಕೆಗೆ ಸಾಥ್ ಕೊಡಲು ಆಕಾಶವೂ ಮಂಕಾಯಿತು. ಹೋದ ವಾರ ತಂಗಿ ಭಾಗ್ಯಶ್ರೀ, ಗಾರ್ಮೆಂಟ್ಸ್‌ನವರು ಕೆಲಸದಿಂದ ತೆಗೆದರೆಂದು, ಚಪ್ಪಲಿಯನ್ನೂ ಕಳಚದೆ ಹೊಸ್ತಿಲಲ್ಲೇ ಕೂತು ಅತ್ತಳು. ಶಿವಪ್ರಕಾಶನ ಕೈ ಅಭ್ಯಾಸಬಲದಿಂದ ಫೋನಿಗೆ ಹೋಯಿತು. ತಂಗಿ ತಲೆಯೆತ್ತಿ ನೋಡಿದಳು. ಅವನು ಫೋನು ಬಿಟ್ಟು, ಅವಳ ರಟ್ಟೆ ಹಿಡಿದು ಒಳಗೆ ಕರೆತಂದು, ಅಕ್ಕಪಕ್ಕದವರಿಗೆ ಕೇಳಿಸದಿರಲೆಂದು ಬಾಗಿಲು ಹಾಕಿದ. ಭಾನುವಾರ ಮೇಷ್ಟ್ರು, "ಈ ಸಲ ನಿಮ್ಮನಿಮ್ಮ ಮನೇದೇ ಏನಾದ್ರೂ ಬರೀರಿ" ಎಂದರು. ಎಲ್ಲರಿಗಿಂತ ಮೊದಲು ಎದ್ದು ನಿಂತವನು ಶಿವಪ್ರಕಾಶನೇ. "ನಮ್ಮ ಮನ್ಯಾಗ ಬರೆಯೂವಂಥಾದ್ದು ಏನೂ ಆಗಿಲ್ರಿ, ಸರ್."